ಕಡಿತದ ಭಾರ ಕೊನೆಗೆ ಯಾರ ಹೆಗಲಿಗೆ?

ಅಂಗವಿಕಲರ ಮಾಸಾಶನದಲ್ಲಿ ಕೇಂದ್ರ ಸರ್ಕಾರದ ಪಾಲು ತಿಂಗಳಿಗೆ 300 ರೂಪಾಯಿ. 2009ರಲ್ಲಿ ‘ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ’ ಶುರುವಾದಾಗ ಅದು 200 ಇತ್ತು, 2012ರಲ್ಲಿ 300 ಆಯಿತು. ಆಮೇಲೆ ಒಂದು ರೂಪಾಯಿಯೂ ಏರಲಿಲ್ಲ. ಇತ್ತ ಅದೇ 2012ನ್ನು ಆಧಾರ ವರ್ಷವಾಗಿಟ್ಟುಕೊಂಡ ಗ್ರಾಹಕ ಬೆಲೆ ಸೂಚ್ಯಂಕ 100ರಿಂದ ಹೊರಟು 2025ರ ಹೊತ್ತಿಗೆ 200ರ ಹತ್ತಿರ ಬಂತು. ಅಂದು 300 ರೂಪಾಯಿಗೆ ಬರುತ್ತಿದ್ದ ಜೋಳ, ಬೇಳೆ, ಮಾತ್ರೆಯಲ್ಲಿ ಅರ್ಧದಷ್ಟು ಮಾತ್ರ ಈಗ ಅದೇ ಹಣಕ್ಕೆ ಸಿಗುತ್ತದೆ. ಪಿಂಚಣಿ ಕಡಿಮೆ ಮಾಡಿದ್ದೇವೆಂದು ಯಾವ ಸಚಿವರೂ ಹೇಳಲಿಲ್ಲ, ಯಾವ ಸುತ್ತೋಲೆಯೂ ಹೊರಡಲಿಲ್ಲ. ಆದರೂ ಅದು ಅರ್ಧಕ್ಕೆ ಇಳಿದುಹೋಗಿದೆ.

ಅನುದಾನ ಕಡಿತವೆಂದರೆ ಬಜೆಟ್ ಪುಸ್ತಕದಲ್ಲಿ ಕಳೆದ ವರ್ಷದ ಅಂಕಿಗಿಂತ ಈ ವರ್ಷದ ಅಂಕಿ ಚಿಕ್ಕದಾಗುವುದು ಎಂದೇ ನಾವು ತಿಳಿಯುತ್ತೇವೆ. ಅದು ಒಂದು ಬಗೆ. ಬೆಲೆ ಏರಿದರೂ ಮೊತ್ತವನ್ನು ಇದ್ದಲ್ಲೇ ಇಡುವುದು ಇನ್ನೊಂದು. ಮಂಜೂರಾದ ಹಣವನ್ನು ವರ್ಷದ ಕೊನೆಯವರೆಗೂ ಬಿಡುಗಡೆ ಮಾಡದಿರುವುದು ಮೂರನೆಯದು. ನೌಕರ ನಿವೃತ್ತನಾದ ಜಾಗವನ್ನು ಖಾಲಿ ಬಿಡುವುದು ನಾಲ್ಕನೆಯದು. ಮೊದಲನೆಯದಕ್ಕೆ ವಿಧಾನಸಭೆಯಲ್ಲಿ ಗದ್ದಲವಾಗುತ್ತದೆ. ಉಳಿದ ಮೂರು ಸದ್ದಿಲ್ಲದೆ ನಡೆಯುತ್ತವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಂಥ ಊರುಗಳ ಅಂಗವಿಕಲರ ಬದುಕಿಗೆ ಹೆಚ್ಚಾಗಿ ತಟ್ಟುವುದು ಆ ಮೂರೇ. ಅದಕ್ಕೇ ಈ ಕಡಿತವನ್ನು ಬೆಂಗಳೂರಿನ ಕಡತದಿಂದ ಓದಿದರೆ ಸಾಲದು, ಮುಂಡರಗಿಯ ಬಸ್ ನಿಲ್ದಾಣದಿಂದಲೂ ಓದಬೇಕು.

ದೆಹಲಿಯ ಲೆಕ್ಕ, ಬೆಂಗಳೂರಿನ ಲೆಕ್ಕ

ವೃದ್ಧರು, ವಿಧವೆಯರು, ಅಂಗವಿಕಲರ ಪಿಂಚಣಿಗಳೆಲ್ಲ ಸೇರಿದ ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮಕ್ಕೆ ಕೇಂದ್ರ ಬಜೆಟ್ 2022–23ರಲ್ಲಿ ಇಟ್ಟದ್ದು 9,652 ಕೋಟಿ ರೂಪಾಯಿ. 2025–26ರಲ್ಲೂ ಅದೇ 9,652 ಕೋಟಿ. ನಡುವೆ ಪಿಂಚಣಿ ಹೆಚ್ಚಿಸಿ ಎಂದು ಸಂಸತ್ತಿನ ಗ್ರಾಮೀಣಾಭಿವೃದ್ಧಿ ಸ್ಥಾಯಿ ಸಮಿತಿ ಮತ್ತೆ ಮತ್ತೆ ಶಿಫಾರಸು ಮಾಡಿತು. ಮೊತ್ತ ಕದಲಲಿಲ್ಲ.

ಅಂಗವಿಕಲರಿಗಾಗಿಯೇ ಇರುವ ಕೇಂದ್ರ ಇಲಾಖೆಗೆ 2020–21ರ ಬಜೆಟ್‌ನಲ್ಲಿ 1,325 ಕೋಟಿ ರೂಪಾಯಿ ಇತ್ತು. ಐದು ವರ್ಷ ಕಳೆದು 2025–26ರಲ್ಲಿ ಅದು 1,275 ಕೋಟಿ. ಇಲಾಖೆಯ ಒಳಗೂ ಏರಿಳಿತಗಳಿವೆ. ಸಲಕರಣೆ ಹಂಚುವ ‘ಅಡಿಪ್’ ಯೋಜನೆಗೂ ಸ್ವಯಂಸೇವಾ ಸಂಸ್ಥೆಗಳ ಪುನರ್ವಸತಿ ಕೇಂದ್ರಗಳಿಗೆ ನೆರವಾಗುವ ದೀನದಯಾಳ್ ಯೋಜನೆಗೂ ಈಚಿನ ವರ್ಷಗಳಲ್ಲಿ ಹಣ ಹೆಚ್ಚಾಗಿದೆ. ಅಂಗವಿಕಲರ ಕಾಯ್ದೆಯನ್ನು ನೆಲಮಟ್ಟದಲ್ಲಿ ಜಾರಿಗೆ ತರಲೆಂದೇ ಇರುವ ‘ಸಿಪ್ಡಾ’ ಯೋಜನೆ ಮಾತ್ರ ವರ್ಷದಿಂದ ವರ್ಷಕ್ಕೆ ಸೊರಗಿದೆ. 2022–23ರಲ್ಲಿ ಅದಕ್ಕಿದ್ದ 240 ಕೋಟಿ ಮರುವರ್ಷ 150 ಕೋಟಿಗೆ, ಆಮೇಲೆ 135 ಕೋಟಿಗೆ, 2025–26ರಲ್ಲಿ 115 ಕೋಟಿಗೆ ಇಳಿಯಿತು. ಸರ್ಕಾರಿ ಕಟ್ಟಡಗಳಿಗೆ ಇಳಿಜಾರು ದಾರಿ, ಕೈಹಿಡಿ, ಲಿಫ್ಟ್, ಅಂಗವಿಕಲರಿಗೆ ಕೌಶಲ ತರಬೇತಿ ಇಂಥವೆಲ್ಲ ಆಗಬೇಕಿದ್ದುದು ಈ ಯೋಜನೆಯ ಹಣದಿಂದ. 2015ರ ಡಿಸೆಂಬರ್ 3ರಂದು ಅದ್ದೂರಿಯಾಗಿ ಶುರುವಾದ ಸುಗಮ್ಯ ಭಾರತ ಅಭಿಯಾನಕ್ಕೂ ಇದೇ ಮೂಲ.

ಬೆಂಗಳೂರಿನ ಲೆಕ್ಕ ಬೇರೆ ರೀತಿ ಸಿಕ್ಕಾಗಿದೆ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆಗಳ ಅನುದಾನಕ್ಕೆ ಶೇ 80ರಷ್ಟು ಕತ್ತರಿ ಬಿದ್ದಿದೆ ಎಂಬ ಸುದ್ದಿ 2024ರ ಸೆಪ್ಟೆಂಬರ್‌ನಲ್ಲಿ ಬಂದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು, ವಿರೋಧ ಪಕ್ಷಗಳು ಅದನ್ನು ಕೈಗೆತ್ತಿಕೊಂಡವು. ಒಂದು ವಿಷಯ ಇಲ್ಲಿ ಗಮನದಲ್ಲಿರಬೇಕು. ತಿಂಗಳ ಮಾಸಾಶನ ಈ ಇಲಾಖೆಯ ಬಾಬ್ತಲ್ಲ, ಕಂದಾಯ ಇಲಾಖೆಯದು. ಹಾಗಾಗಿ ಮಾಸಾಶನ ಬರುತ್ತಿರುವಾಗಲೂ ಸಲಕರಣೆ, ತರಬೇತಿ, ಸ್ವಉದ್ಯೋಗದ ನೆರವು, ಯಂತ್ರಚಾಲಿತ ದ್ವಿಚಕ್ರ ವಾಹನ, ಅಂಧ ವಿದ್ಯಾರ್ಥಿಗಳ ಲ್ಯಾಪ್‌ಟಾಪ್ ಇಂಥವು ನಿಂತುಹೋಗಬಹುದು. ಖಾತೆಗೆ ಹಣ ಜಮೆಯಾಗುತ್ತಿರುವ ತನಕ ಸರ್ಕಾರ ಕೈಬಿಟ್ಟಿಲ್ಲವೆಂದೇ ಹೊರಗಿನವರಿಗೆ ಕಾಣುತ್ತದೆ. ಆದರೆ ಕೈಯಲ್ಲಿ ಕೆಲಸವಿದ್ದವನು ಅಂಗಡಿ ಇಡಲು, ಓದಿದವಳು ಪರೀಕ್ಷೆ ಬರೆಯಲು, ಕಾಲಿಲ್ಲದವನು ಮನೆಯ ಹೊಸ್ತಿಲು ದಾಟಲು ಬೇಕಾದದ್ದು ಆ ನಿಂತುಹೋದ ಬಾಬ್ತಿನಲ್ಲೇ ಇರುತ್ತದೆ.

ಇನ್ನು ಮಾಸಾಶನವಾದರೂ ಎಷ್ಟು? ಕರ್ನಾಟಕದಲ್ಲಿ ಶೇ 40ರಿಂದ 75ರವರೆಗೆ ವೈಕಲ್ಯವಿದ್ದವರಿಗೆ 800 ರೂಪಾಯಿ, ಶೇ 75 ಮೀರಿದವರಿಗೆ 1,400, ತೀವ್ರ ಬೌದ್ಧಿಕ ವೈಕಲ್ಯ ಮತ್ತು ಮಾನಸಿಕ ಅಸ್ವಸ್ಥತೆ ಇರುವವರಿಗೆ 2,000. 65 ವರ್ಷ ದಾಟಿದ ಹಿರಿಯರ ಸಂಧ್ಯಾ ಸುರಕ್ಷಾ 1,200, ವಿಧವಾ ವೇತನ 800. ಈಗ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ನೋಡಿ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ, ಅಂಥದೇ ಯೋಜನೆಗಳಲ್ಲಿ ಇತರರಿಗೆ ಸಿಗುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚು ನೆರವು ಅಂಗವಿಕಲರಿಗೆ ಸಿಗಬೇಕು ಎನ್ನುತ್ತದೆ ಅದು. ಸಂಧ್ಯಾ ಸುರಕ್ಷಾದ 1,200ಕ್ಕೆ ಶೇ 25 ಕೂಡಿಸಿದರೆ 1,500. ಎರಡೂ ಕಾಲಿನ ಬಲ ಕಳೆದುಕೊಂಡು ಶೇ 75 ಮೀರಿದವರಿಗೂ ನಮ್ಮಲ್ಲಿ ಅಷ್ಟು ಸಿಗುತ್ತಿಲ್ಲ. ಶೇ 60 ವೈಕಲ್ಯವಿರುವವರು ಆ ಹಿರಿಯರಿಗಿಂತ 400 ರೂಪಾಯಿ ಕೆಳಗಿದ್ದಾರೆ. ಕಾಯ್ದೆ ಹೆಚ್ಚುವರಿ ಕೊಡಿ ಎಂದದ್ದು ಸುಮ್ಮನೆ ಅಲ್ಲ. ವೈಕಲ್ಯಕ್ಕೆ ಅದರದೇ ಖರ್ಚಿದೆ. ಬೇರೆಯವರು ನಡೆದು ಹೋಗುವಲ್ಲಿ ಆಟೊ ಬೇಕು, ಒಬ್ಬರು ಹೋಗುವಲ್ಲಿ ಇಬ್ಬರು ಹೋಗಬೇಕು, ದುಡಿಯುವ ಇನ್ನೊಂದು ಜೀವ ಮನೆಯಲ್ಲೇ ಕೂರಬೇಕು.

ಹಳ್ಳಿಗೂ ಕಚೇರಿಗೂ ನಡುವಿನ ಕೊಂಡಿ

ಬೇರೆ ಹಲವು ರಾಜ್ಯಗಳಲ್ಲಿ ಇಲ್ಲದ ಒಂದು ಒಳ್ಳೆಯ ವ್ಯವಸ್ಥೆ ಕರ್ನಾಟಕದಲ್ಲಿದೆ. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಪಟ್ಟಣಗಳಿಗೆ ನಗರ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಊರವರ ಬಾಯಲ್ಲಿ ಇವರು ವಿಆರ್‌ಡಬ್ಲ್ಯು, ಯುಆರ್‌ಡಬ್ಲ್ಯು, ಎಂಆರ್‌ಡಬ್ಲ್ಯು. ಗ್ರಾಮ ಮಟ್ಟದಲ್ಲಿ ಈ ಕೆಲಸ ಮಾಡುವವರು ಸ್ವತಃ ಅಂಗವಿಕಲರು. ಯಾರ ಮನೆಯಲ್ಲಿ ಮಾತು ಬಾರದ ಮಗುವಿದೆ, ಯಾರ ಗುರುತಿನ ಚೀಟಿ ನವೀಕರಣವಾಗಬೇಕು, ಯಾರ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಂತಿದೆ ಎಂಬುದೆಲ್ಲ ಇವರಿಗೆ ಗೊತ್ತು.

ಗದಗ ಸೀಮೆಯಲ್ಲಿ ಮಾಸಾಶನಕ್ಕೆ ಜನ ಪಗಾರ ಎನ್ನುತ್ತಾರೆ. ‘ಈ ತಿಂಗ್ಳ ಪಗಾರ ಯಾಕ ಬಂದಿಲ್ರಿ ಅಣ್ಣಾರ?’ ಎಂಬ ಪ್ರಶ್ನೆ ಬರುವುದು ಜಿಲ್ಲಾಧಿಕಾರಿಗಲ್ಲ, ತಹಶೀಲ್ದಾರರಿಗಲ್ಲ, ಈ ಕಾರ್ಯಕರ್ತರಿಗೆ. ಉತ್ತರ ಹುಡುಕಲು ಅವರು ನಾಡಕಚೇರಿಗೆ ಹೋಗಬೇಕು, ಬ್ಯಾಂಕಿಗೆ ಹೋಗಬೇಕು, ಅಂಚೆ ಕಚೇರಿಗೆ ಹೋಗಬೇಕು. ಬೆರಳಚ್ಚು ಹೊಂದುತ್ತಿಲ್ಲವೆಂದರೆ ಆಧಾರ್ ಕೇಂದ್ರಕ್ಕೆ ಕರೆದೊಯ್ಯಬೇಕು. ಇಷ್ಟನ್ನೂ ಮಾಡುವವರು ಕಾಯಂ ನೌಕರರಲ್ಲ. ಅವರಿಗೆ ಸಿಗುವುದು ವೇತನವಲ್ಲ, ಗೌರವಧನ. ಸೇವೆ ಕಾಯಂ ಮಾಡಿ, ಜೀವನಕ್ಕೆ ಸಾಲುವಷ್ಟಾದರೂ ಕೊಡಿ ಎಂದು ಅವರು ಬೀದಿಗಿಳಿದದ್ದು ಒಮ್ಮೆಯಲ್ಲ. 

ಇಲ್ಲೊಂದು ಕೊಂಡಿ ಕಳಚಿದರೆ ಆಗುವ ನಷ್ಟ ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ. ಒಬ್ಬ ಕಾರ್ಯಕರ್ತ ಕೆಲಸ ಬಿಟ್ಟರೆ, ಅಥವಾ ತೀರಿಕೊಂಡು ಆ ಜಾಗ ಖಾಲಿ ಉಳಿದರೆ, ಪಕ್ಕದ ಪಂಚಾಯಿತಿಯವರ ಮೇಲೆ ಎರಡು ಪಂಚಾಯಿತಿಯ ಹೊರೆ ಬೀಳುತ್ತದೆ. ಅವರೂ ಊರುಗೋಲು ಹಿಡಿದೋ ತ್ರಿಚಕ್ರ ವಾಹನದಲ್ಲೋ ಓಡಾಡುವವರು. ಅರ್ಜಿ ಹಾಕುವವರಿಲ್ಲದೆ ಅರ್ಜಿಗಳು ಕಡಿಮೆಯಾಗುತ್ತವೆ. ಅರ್ಜಿ ಕಡಿಮೆಯಾದವೆಂದರೆ ಬೇಡಿಕೆಯಿಲ್ಲವೆಂದು ಮುಂದಿನ ವರ್ಷ ಹಣವೂ ಕಡಿಮೆಯಾಗುತ್ತದೆ. ಸರ್ಕಾರ ಉಳಿಸಿದ ಒಂದು ಗೌರವಧನ ಹೀಗೆ ಹಲವು ಮನೆಗಳ ಹಕ್ಕನ್ನು ನುಂಗಿರುತ್ತದೆ.

ನೂರು ಕಿಲೋಮೀಟರಿನ ಗೆರೆ

ಎಲ್ಲ ಸೌಲಭ್ಯಗಳ ಬೀಗದ ಕೈ ಎಂದರೆ ಯುಡಿಐಡಿ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ. ಅದಕ್ಕೆ ವೈದ್ಯರ ತಪಾಸಣೆ ಆಗಬೇಕು. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. 2017ರ ಏಪ್ರಿಲ್ 19ರಂದು ಜಾರಿಗೆ ಬಂದ ಹೊಸ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಸ್ವಲೀನತೆ, ಕಲಿಕಾ ನ್ಯೂನತೆ, ಸ್ನಾಯುಕ್ಷಯ, ಥಲಸ್ಸೀಮಿಯಾ, ಪಾರ್ಕಿನ್ಸನ್ಸ್, ಆಸಿಡ್ ದಾಳಿಯ ಗಾಯ ಎಲ್ಲವೂ ಒಳಗೆ ಬಂದವು. ಇದು ದೊಡ್ಡ ಗೆಲುವು. ಆದರೆ 21 ಬಗೆಯನ್ನು ಅಳೆಯಲು ಬೇಕಾದ ತಜ್ಞರು ಮತ್ತು ಯಂತ್ರಗಳು ತಾಲ್ಲೂಕಿಗೆ ಬರಲಿಲ್ಲ. ಮೂಳೆ, ಕಣ್ಣಿನ ತಪಾಸಣೆ ತಾಲ್ಲೂಕಿನ ಶಿಬಿರದಲ್ಲೇ ಮುಗಿಯಬಹುದು. ಮಗುವಿನ ಕಿವಿಯ ‘ಬೆರಾ’ ಪರೀಕ್ಷೆಗೆ ಯಂತ್ರವೂ ಅದನ್ನು ಓದುವವರೂ ಬೇಕು. ಬುದ್ಧಿಮಟ್ಟದ ಪರೀಕ್ಷೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಬೇಕು.

ಮುಂಡರಗಿಯಿಂದ ಗದಗ ಸುಮಾರು 40 ಕಿಲೋಮೀಟರ್, ಲಕ್ಷ್ಮೇಶ್ವರದಿಂದಲೂ ಹೆಚ್ಚುಕಡಿಮೆ ಅಷ್ಟೇ. ಶಿರಹಟ್ಟಿ ಸ್ವಲ್ಪ ಹತ್ತಿರ. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇರುವುದು ಊರ ಹೊರಗೆ ಮುಳಗುಂದ ರಸ್ತೆಯ ಮಲ್ಲಸಮುದ್ರದ ಬಳಿ. ಹಳ್ಳಿಯಿಂದ ಹೊರಟವರು ತಾಲ್ಲೂಕಿಗೆ ಬಂದು, ಗದುಗಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸನ್ನೋ ಆಟೊವನ್ನೋ ಹತ್ತಬೇಕು. ಬಸ್ಸಿನ ಮೆಟ್ಟಿಲು ಎತ್ತರ. ಗಾಲಿಕುರ್ಚಿ ಮೇಲೇರದು. ಹದಿನಾಲ್ಕು ವರ್ಷದ ಮಗನನ್ನು ತಾಯಿಯೇ ಎತ್ತಿ ಕೂರಿಸಬೇಕು. ವೈದ್ಯರು ರಜೆಯೆಂದೋ ಯಂತ್ರ ಕೆಟ್ಟಿದೆಯೆಂದೋ ಹಿಂದಿರುಗಿದರೆ ಇಬ್ಬರ ಒಂದು ದಿನದ ದುಡಿಮೆ ಹೋಯಿತು.

ಗದುಗಿನಲ್ಲಿ ಆಗದಿದ್ದರೆ ಹುಬ್ಬಳ್ಳಿಯ ದೊಡ್ಡಾಸ್ಪತ್ರೆ, ಮನೋರೋಗ ಮತ್ತು ನರರೋಗಕ್ಕೆ ಧಾರವಾಡದ ಡಿಮ್ಹಾನ್ಸ್. ಸಾರಿಗೆ ನಿಗಮಗಳು ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಗೆ ಕೊಡುವ ರಿಯಾಯಿತಿ ಪಾಸು ವಾಸದ ಊರಿನಿಂದ 100 ಕಿಲೋಮೀಟರಿನವರೆಗೆ ಮಾತ್ರ ನಡೆಯುತ್ತದೆ. ಗದಗ-ಬೆಟಗೇರಿಯವರಿಗೆ ಧಾರವಾಡ ಆ ಗೆರೆಯ ಒಳಗಿದೆ. ಮುಂಡರಗಿಯವರಿಗೆ ರಸ್ತೆಯ ಲೆಕ್ಕದಲ್ಲಿ ಅದು ಗೆರೆ ದಾಟಿಹೋಗುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅಂಗವಿಕಲ ಮಹಿಳೆಯರಿಗೂ ಜೊತೆಗೆ ಹೋಗುವ ತಾಯಂದಿರಿಗೂ ದಾರಿ ಸುಲಭವಾಯಿತು. ಅದು ನಿಜವಾದ ನೆರವು. ಆದರೆ ಕಾಲು ಸ್ವಾಧೀನವಿಲ್ಲದ ಮಗನಿಗೆ ಪಾಸಿನ ಮಿತಿ ಹಾಗೆಯೇ ಇದೆ, ಜೊತೆಗೆ ಬರುವ ತಂದೆಗೆ ಪೂರ್ತಿ ಟಿಕೆಟ್. ಈ 100 ಕಿಲೋಮೀಟರಿನ ಗೆರೆಯನ್ನು ಆಸ್ಪತ್ರೆಯ ದಾರಿಗಾದರೂ ಅಳಿಸಬೇಕು ಎಂಬುದು ಹಳೆಯ ಬೇಡಿಕೆ. ಅದಕ್ಕೆ ಬೇಕಾದ ಹಣ ರಾಜ್ಯ ಬಜೆಟ್‌ನ ಮುಂದೆ ಬಹಳ ಸಣ್ಣದು.

ಮಗುವಿನ ವಯಸ್ಸು ಕಾಯುವುದಿಲ್ಲ

ಕಡಿತದ ಪೆಟ್ಟು ಎಲ್ಲರಿಗಿಂತ ಹೆಚ್ಚು ಬೀಳುವುದು ಮಕ್ಕಳ ಮೇಲೆ. ದೊಡ್ಡವರಿಗೆ ಒಂದು ವರ್ಷ ಸಲಕರಣೆ ತಡವಾದರೆ ಆ ವರ್ಷ ಕಷ್ಟ. ಕಿವಿ ಕೇಳದ ಮಗುವಿಗೆ ಮಾತಿನ ತರಬೇತಿ ಒಂದು ವರ್ಷ ತಡವಾದರೆ ಆ ನಷ್ಟ ಜೀವಮಾನದ್ದು. ಮಾತು ಮೂಡುವುದು ಮೊದಲ ಆರು ವರ್ಷಗಳಲ್ಲಿ. ಆಮೇಲೆ ಎಷ್ಟು ಹಣ ಸುರಿದರೂ ಆ ಕಾಲ ಮರಳಿ ಬರದು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿನ ಸ್ನಾಯುಗಳಿಗೆ ವಾರ ವಾರ ವ್ಯಾಯಾಮ ಮಾಡಿಸದಿದ್ದರೆ ಕೀಲುಗಳು ಬಿಗಿದು ಗಟ್ಟಿಯಾಗುತ್ತವೆ, ಕೂರಬಲ್ಲ ಮಗು ಮಲಗಿಯೇ ಉಳಿಯುತ್ತದೆ.

ಇಲ್ಲಿ ಸರ್ಕಾರದ ಹಣ ಹರಿಯುವ ರೀತಿಯಲ್ಲೇ ಒಂದು ದೋಷವಿದೆ. ಒಮ್ಮೆ ಮಾಡಿ ಮುಗಿಸುವ ಕೆಲಸಕ್ಕೆ ಹಣ ಸಿಗುತ್ತದೆ, ತಿಂಗಳು ತಿಂಗಳು ಮಾಡಬೇಕಾದ ಕೆಲಸಕ್ಕೆ ಸಿಗುವುದಿಲ್ಲ. ರಾಜ್ಯದ ‘ಶ್ರವಣ ಸಂಜೀವಿನಿ’ಯಂಥ ಯೋಜನೆಯಲ್ಲಿ ಬಡ ಮಗುವಿಗೂ ಕಾಕ್ಲಿಯರ್ ಶಸ್ತ್ರಚಿಕಿತ್ಸೆ ಆಗುತ್ತದೆ. ಅದು ಹೆಮ್ಮೆಯ ಸಂಗತಿ. ಆದರೆ ಶಸ್ತ್ರಚಿಕಿತ್ಸೆ ಅರ್ಧ ದಾರಿ ಮಾತ್ರ. ಆಮೇಲೆ ವರ್ಷಗಟ್ಟಲೆ ಕೇಳಿಸಿಕೊಳ್ಳುವುದನ್ನು, ಮಾತಾಡುವುದನ್ನು ಕಲಿಸಬೇಕು. ಕಿವಿಯ ಹಿಂದಿನ ಯಂತ್ರದ ಬ್ಯಾಟರಿ, ವೈರು ಕೆಟ್ಟರೆ ಬದಲಿಸಬೇಕು. ಶಿರಹಟ್ಟಿ ತಾಲ್ಲೂಕಿನ ಹಳ್ಳಿಯ ಮಗುವಿಗೆ ವಾಕ್ ತರಬೇತುದಾರರು ವಾರಕ್ಕೊಮ್ಮೆ ಎಲ್ಲಿ ಸಿಗಬೇಕು? ಶಿಬಿರಗಳಲ್ಲಿ ಹಂಚುವ ತ್ರಿಚಕ್ರ ಗಾಡಿಯ ಕಥೆಯೂ ಇದೇ. ಗಾಡಿ ಸಿಗುತ್ತದೆ. ಸರಪಳಿ ತುಂಡಾದಾಗ, ಬ್ಯಾಟರಿ ಸತ್ತಾಗ ರಿಪೇರಿ ಮಾಡುವವರು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಗೋಡೆಗೆ ಒರಗಿ ತುಕ್ಕು ಹಿಡಿಯುವ ಗಾಡಿಯನ್ನು ಲೆಕ್ಕಪತ್ರ ಮಾತ್ರ ‘ವಿತರಿಸಲಾಗಿದೆ’ ಎಂದೇ ತೋರಿಸುತ್ತದೆ.

ಶಾಲೆಯ ಕಡೆ ನೋಡಿದರೆ, ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯಂತೆ ಹಣ ಲೆಕ್ಕ ಹಾಕುತ್ತಾರೆ. ತಿಂಗಳಿಗೆ 300 ರೂಪಾಯಿಯೂ ಆಗದ ಈ ಹಣದಲ್ಲಿ ತಪಾಸಣಾ ಶಿಬಿರ, ಸಲಕರಣೆ, ಕಲಿಕಾ ಸಾಮಗ್ರಿ ಎಲ್ಲವೂ ಆಗಬೇಕು. ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ, ಶಿಕ್ಷಕರು ಮನೆಗೇ ಹೋಗಿ ಕಲಿಸುತ್ತಾರೆ. ಬ್ಲಾಕ್ ಮಟ್ಟದಲ್ಲಿ ವಿಶೇಷ ಸಂಪನ್ಮೂಲ ಶಿಕ್ಷಕರಿದ್ದಾರೆ. ಇಡೀ ತಾಲ್ಲೂಕಿಗೆ ಬೆರಳೆಣಿಕೆಯ ಇಂಥ ಶಿಕ್ಷಕರು ಎಷ್ಟು ಮನೆ ಸುತ್ತಬಲ್ಲರು? ಪ್ರಾಥಮಿಕ ಹಂತದಲ್ಲಿ 10 ವಿಶೇಷ ಮಕ್ಕಳಿಗೆ ಒಬ್ಬ, ಅದಕ್ಕೂ ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕೆಂದು ಸುಪ್ರೀಂ ಕೋರ್ಟ್ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ 2021ರ ಅಕ್ಟೋಬರ್‌ನಲ್ಲಿ ಹೇಳಿತು. ಹುದ್ದೆಗಳು ಸೃಷ್ಟಿಯಾಗಿಲ್ಲವೆಂದು 2025ರ ಮಾರ್ಚ್‌ನಲ್ಲಿ ಮತ್ತೆ ರಾಜ್ಯಗಳಿಗೆ ಗಡುವು ಕೊಡಬೇಕಾಯಿತು.

ಸ್ವಯಂಸೇವಾ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಿಗೆ ರಾಜ್ಯ ಸರ್ಕಾರ ಮಕ್ಕಳ ತಲೆ ಲೆಕ್ಕದಲ್ಲಿ ‘ಶಿಶುಕೇಂದ್ರಿತ’ ಸಹಾಯಧನ ಕೊಡುತ್ತದೆ. ಇದು ಕಂತಿನಲ್ಲಿ ಬರುವ ಹಣ. ಒಂದು ಕಂತು ತಡವಾದರೆ ಅಕ್ಕಿ, ಬೇಳೆಯ ಅಂಗಡಿಯವರು ಉದ್ರಿ ಕೊಟ್ಟಾರು, ಶಿಕ್ಷಕರ ಮನೆ ಬಾಡಿಗೆ ಉದ್ರಿಯಲ್ಲಿ ನಡೆಯದು. ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ, ಸನ್ನೆ ಭಾಷೆಯನ್ನೋ ಬ್ರೈಲನ್ನೋ ಬಲ್ಲ ಶಿಕ್ಷಕಿ ಒಮ್ಮೆ ಹುಬ್ಬಳ್ಳಿಯ ಖಾಸಗಿ ಕೇಂದ್ರಕ್ಕೆ ಹೋದರೆ ಗದುಗಿಗೆ ಮರಳುವುದು ಕಷ್ಟ. ಮುಂದಿನ ವರ್ಷ ಬಾಕಿ ಹಣವೆಲ್ಲ ಬಂದರೂ ಶಿಕ್ಷಕಿ ಬರುವುದಿಲ್ಲ. ತಡವಾದ ಹಣವೂ ಕಡಿತವೇ ಎನ್ನುವುದು ಇದಕ್ಕೆ.

ಕಲಿಸುವವರು ಇಲ್ಲದ ದಿನ ಆ ಕೆಲಸ ಯಾರದು? ಮನೆಯಲ್ಲಿ ಇರುವವರದು, ಅಂದರೆ ಬಹುಪಾಲು ತಾಯಿಯದು. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂರಬೇಕಾದವಳು, ಮುಂಡರಗಿ ಸೀಮೆಯ ಹೊಲದಲ್ಲಿ ಕಳೆ ತೆಗೆಯಬೇಕಾದವಳು ಮನೆಯಲ್ಲಿ ಉಳಿಯುತ್ತಾಳೆ. ಸೆರೆಬ್ರಲ್ ಪಾಲ್ಸಿ, ಸ್ನಾಯುಕ್ಷಯ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆಯನ್ನು ರಾಜ್ಯ ಸರ್ಕಾರ ಈಚೆಗೆ ತಂದಿದೆ. ಆರೈಕೆಯೂ ದುಡಿಮೆ ಎಂದು ಸರ್ಕಾರ ಒಪ್ಪಿಕೊಂಡ ಮೊದಲ ಹೆಜ್ಜೆ ಅದು. ನಾಲ್ಕು ಕಾಯಿಲೆಗೆ ನಿಲ್ಲಬೇಕಾದ ಹೆಜ್ಜೆ ಅಲ್ಲ.

ನೀರಿನಲ್ಲೇ ಇರುವ ವೈಕಲ್ಯ

ಗದಗ ಜಿಲ್ಲೆಗೆ ಇನ್ನೊಂದು ಸಂಕಟವಿದೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಮುಂಡರಗಿ ತಾಲ್ಲೂಕಿನ ಹಳ್ಳಿಗಳ ಮಕ್ಕಳ ಹಲ್ಲಿನ ಮೇಲೆ ಅದರ ಕಲೆಗಳನ್ನು ವೈದ್ಯರು ಬಹಳ ಹಿಂದೆಯೇ ದಾಖಲಿಸಿದ್ದಾರೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸಾಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಿಂದ ಶುರುವಾಗಿ ಮೂಳೆಗೆ ಇಳಿಯುತ್ತದೆ, ಬೆನ್ನು ಬಗ್ಗುತ್ತದೆ, ಕೀಲು ಹಿಡಿಯುತ್ತದೆ. ಹಾಗೆ ಬಾಗಿದ ಬೆನ್ನನ್ನು ಮತ್ತೆ ನೇರ ಮಾಡುವ ಔಷಧಿ ಇಲ್ಲ. ಔಷಧಿ ಇರುವುದು ನೀರಿನಲ್ಲೇ.

ತುಂಗಭದ್ರೆಯ ನೀರನ್ನು ಹಮ್ಮಿಗಿಯಿಂದ ಎತ್ತಿ ತರುವ ಯೋಜನೆಗಳು, ಊರೂರಿನ ಶುದ್ಧ ಕುಡಿಯುವ ನೀರಿನ ಘಟಕಗಳು ಇದಕ್ಕೆ ಉತ್ತರ. ಆದರೆ ಘಟಕ ಕೂರಿಸುವುದಕ್ಕೆ ಸಿಕ್ಕಷ್ಟು ಸುಲಭವಾಗಿ ಅದರ ಫಿಲ್ಟರ್ ಬದಲಿಸುವುದಕ್ಕೆ ಹಣ ಸಿಗುವುದಿಲ್ಲ. ಘಟಕ ಕೆಟ್ಟು ನಿಂತರೆ ಜನ ಕೊಳವೆಬಾವಿಗೆ ಮರಳುತ್ತಾರೆ. ನೀರಿನ ಘಟಕದ ನಿರ್ವಹಣೆಯನ್ನು ಯಾರೂ ಅಂಗವಿಕಲರ ಬಾಬ್ತಿನಲ್ಲಿ ಬರೆಯುವುದಿಲ್ಲ. ಇನ್ನಿಪ್ಪತ್ತು ವರ್ಷದ ಮಾಸಾಶನದ ಪಟ್ಟಿ ಉದ್ದವಾಗುವುದೋ ಗಿಡ್ಡವಾಗುವುದೋ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ. ಸಾರ್ವಜನಿಕ ಹಣ ವೈಕಲ್ಯವನ್ನು ತಡೆಯಬಲ್ಲದು ಎಂಬುದಕ್ಕೆ ಪೋಲಿಯೊ ಸಾಕ್ಷಿ. ಮನೆ ಮನೆ ಸುತ್ತಿ ಹನಿ ಹಾಕಿದ ದೇಶ 2014ರ ಮಾರ್ಚ್ 27ರಂದು ಪೋಲಿಯೊ ಮುಕ್ತವೆಂದು ಘೋಷಣೆಯಾಯಿತು. ಇವತ್ತು ನಮ್ಮ ಹಳ್ಳಿಗಳಲ್ಲಿ ಪೋಲಿಯೊದಿಂದ ಕಾಲು ಸಣ್ಣಗಾದ ಸಣ್ಣ ಮಕ್ಕಳಿಲ್ಲ, ಇರುವವರು ಹೆಚ್ಚಾಗಿ ನಡುವಯಸ್ಸಿನವರು.

ಜೋಳಿಗೆ ಕಟ್ಟಿದ್ದು, ಜೋಳಿಗೆಗೆ ನಿಲುಕದ್ದು

ಸರ್ಕಾರದ ಕೈ ಬಿಗಿಯಾದಾಗ ಸಮಾಜ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಆ ಮಾತಿಗೆ ಗದಗಿನಷ್ಟು ಒಳ್ಳೆಯ ಉದಾಹರಣೆ ನಾಡಿನಲ್ಲಿ ಸಿಗುವುದು ಕಷ್ಟ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು, ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಕಣ್ಣಿಲ್ಲದ ಮತ್ತು ಬಡ ಮಕ್ಕಳಿಗೆ ಸಂಗೀತ ಕಲಿಸುತ್ತಾ ಊರೂರು ಸುತ್ತಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಆ ತಪಸ್ಸಿನ ಫಲ. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಹಸುಳೆಯಾಗಿದ್ದಾಗಲೇ ದೃಷ್ಟಿ ಕಳೆದುಕೊಂಡಿದ್ದ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮವನ್ನು ಹೊತ್ತರು. ನಾಟಕ ಕಂಪನಿ ನಡೆಸಿದರು, ಊರೂರಲ್ಲಿ ತುಲಾಭಾರಕ್ಕೆ ಕೂತರು, ಬಂದ ದುಡ್ಡು ದವಸವನ್ನೆಲ್ಲ ಮಕ್ಕಳ ಅನ್ನಕ್ಕೆ ಇಟ್ಟರು. ಪದ್ಮಭೂಷಣ ಬಂದ 2010ರಲ್ಲೇ, ಸೆಪ್ಟೆಂಬರ್ 17ರಂದು, ಅವರು ಕಣ್ಮರೆಯಾದರು. ಪಂಡಿತ ವೆಂಕಟೇಶ ಕುಮಾರ್ ಅವರಂಥ ಗಾಯಕರು ಅಲ್ಲಿ ಬೆಳೆದವರು. ಅಂಧ ಮಗುವನ್ನು ಹೊರೆಯೆಂದು ನೋಡುತ್ತಿದ್ದ ಕಾಲದಲ್ಲಿ ಆ ಮಗುವಿನ ಕೈಗೆ ಹಾರ್ಮೋನಿಯಂ, ತಬಲಾ ಕೊಟ್ಟು ಸಭೆಯ ಮುಂದೆ ಕೂರಿಸಿದ ಕೆಲಸ ಅದು. ಈ ಸೀಮೆಯ ರೈತರು, ವ್ಯಾಪಾರಿಗಳು, ನೇಕಾರರು ಕೊಟ್ಟ ಕಾಳುಕಡಿಯಿಂದ ಅದು ನಡೆದಿದೆ.

ಆ ಪರಂಪರೆಗೆ ಕೈ ಮುಗಿದೇ ಒಂದು ಮಾತು ಹೇಳಬೇಕು. ದಾನ ಆಶ್ರಮವನ್ನು ಕಟ್ಟಬಲ್ಲದು. ಲಕ್ಷ್ಮೇಶ್ವರದ ತಹಶೀಲ್ದಾರ್ ಕಚೇರಿಗೆ ಹೋಗುವ ಗಾಲಿಕುರ್ಚಿಯ ದಾರಿಯನ್ನು, ಬಸ್ಸಿನ ತಗ್ಗು ಮೆಟ್ಟಿಲನ್ನು, ಮುಂಡರಗಿಗೊಬ್ಬ ವಾಕ್ ತರಬೇತುದಾರರನ್ನು, 21 ಬಗೆಯ ವೈಕಲ್ಯದ ತಪಾಸಣೆಯನ್ನು, ತಪ್ಪದೆ ಪ್ರತಿ ತಿಂಗಳು ಬರುವ ಮಾಸಾಶನವನ್ನು ದಾನ ಕೊಡಲಾರದು. ದಾನಿಗಳು ಸಂಗೀತ ಬರುವ ಮಗುವನ್ನು ಹುಡುಕಿ ಬರುತ್ತಾರೆ. ಹಾಸಿಗೆ ಬಿಟ್ಟು ಏಳಲಾಗದ, ಮಾತಿಲ್ಲದ, ಯಾವ ಪ್ರತಿಭೆಯನ್ನೂ ತೋರಿಸಲಾಗದ ಮಗುವಿನ ಬಾಗಿಲಿಗೆ ಯಾರೂ ಬರುವುದಿಲ್ಲ. ಆ ಮಗುವೂ ನಾಗರಿಕ. ಪ್ರತಿಭೆ ಇರಲಿ ಬಿಡಲಿ ಸಿಗಬೇಕಾದದ್ದನ್ನು ಹಕ್ಕು ಎನ್ನುತ್ತೇವೆ, ಅದನ್ನು ನಡೆಸುವುದು ಸರ್ಕಾರದ ಕೆಲಸ.

ಬೇರೆ ಕಡೆ ಏನಾಯಿತು?

ಶ್ರೀಮಂತ ದೇಶಗಳೂ ಈ ಕಡಿತದ ದಾರಿ ಹಿಡಿದಿವೆ. ತೀವ್ರ ಅಂಗವಿಕಲರು ಸಂಸ್ಥೆಗಳಿಗೆ ಸೇರದೆ ತಮ್ಮ ಮನೆಯಲ್ಲೇ ಬದುಕಲು ಸಹಾಯಕರನ್ನು ಇಟ್ಟುಕೊಳ್ಳಲೆಂದು ಬ್ರಿಟನ್ 1988ರಲ್ಲಿ ಸ್ಥಾಪಿಸಿದ್ದ ನಿಧಿಯನ್ನು 2015ರ ಜೂನ್ 30ರಂದು ಮುಚ್ಚಿತು. ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲಾಯಿತು. ಸ್ಥಳೀಯ ಸಂಸ್ಥೆಗಳ ಹಣಕ್ಕೂ ಅದೇ ಹೊತ್ತಿಗೆ ಕತ್ತರಿ ಬಿದ್ದಿತ್ತು. ಮರುವರ್ಷ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ವಿಚಾರಣೆ ನಡೆಸಿ, ಬ್ರಿಟನ್ನಿನ ಮಿತವ್ಯಯ ನೀತಿಯಿಂದ ಅಂಗವಿಕಲರ ಹಕ್ಕುಗಳ ಗಂಭೀರ ಉಲ್ಲಂಘನೆಯಾಗಿದೆ ಎಂದಿತು. ಭಾರತ 2007ರಲ್ಲಿ ಅನುಮೋದಿಸಿದ ಒಡಂಬಡಿಕೆಯ ಅಡಿಯಲ್ಲೇ ಬಂದ ಮಾತು ಅದು. ಸಂಪನ್ಮೂಲ ಇರುವಷ್ಟರಲ್ಲಿ ಹಂತ ಹಂತವಾಗಿ ಮುಂದೆ ಹೋಗಬೇಕು ಎಂಬುದು ಆ ಒಡಂಬಡಿಕೆಯ ತತ್ವ. ಹಿಂದಕ್ಕೆ ಹೋಗಲು ಅದು ಅನುಮತಿ ಅಲ್ಲ.

ನೆರೆಯಲ್ಲೇ ಬೇರೆ ದಾರಿ ಹಿಡಿದವರೂ ಇದ್ದಾರೆ. ತೆಲಂಗಾಣ 2023ರಲ್ಲಿ ಅಂಗವಿಕಲರ ಪಿಂಚಣಿಯನ್ನು 4,016 ರೂಪಾಯಿಗೆ ಏರಿಸಿತು. ಆಂಧ್ರಪ್ರದೇಶ 2024ರ ಜುಲೈನಿಂದ 3,000 ಇದ್ದುದನ್ನು 6,000 ಮಾಡಿತು. ಆಂಧ್ರದಲ್ಲಿ ಆಮೇಲೆ ಅನರ್ಹರನ್ನು ಹುಡುಕುವ ಮರುಪರಿಶೀಲನೆ ನಡೆದು ಅರ್ಹರಲ್ಲೂ ಆತಂಕ ಹುಟ್ಟಿತು, ಅಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಆದರೆ ಬಳ್ಳಾರಿ, ರಾಯಚೂರಿನ ಗಡಿ ದಾಟಿದರೆ ಅದೇ ವೈಕಲ್ಯಕ್ಕೆ ನಮ್ಮ 800 ರೂಪಾಯಿಯ ಐದು ಪಟ್ಟು, ಏಳು ಪಟ್ಟು ನೆರವು ಸಿಗುತ್ತದೆ ಎಂದಾಗ, ನಮ್ಮಲ್ಲಿ ದುಡ್ಡಿಲ್ಲ ಎಂಬ ಉತ್ತರ ನಿಲ್ಲುವುದಿಲ್ಲ. ಗೃಹಲಕ್ಷ್ಮಿಗೆ ತಿಂಗಳಿಗೆ 2,000 ಕೊಡಲು ಮನಸ್ಸು ಮಾಡಿದ ರಾಜ್ಯ ಇದು. ಆ ಯೋಜನೆ ಎಷ್ಟೋ ಅಂಗವಿಕಲರ ಮನೆಯನ್ನೂ ಹಿಡಿದು ನಿಲ್ಲಿಸಿದೆ, ಅದು ಇರಬೇಕು. ಅದೇ ಮನಸ್ಸನ್ನು 800 ರೂಪಾಯಿಯ ಪಗಾರದ ಮೇಲೂ ಇಡಿ ಎಂದು ಕೇಳುವುದು ನ್ಯಾಯ.

ಊರಲ್ಲೇ ಇರುವ ಶೇ 5

ದೆಹಲಿ, ಬೆಂಗಳೂರಿನ ಬಜೆಟ್ ಬದಲಾಗಲು ಕಾಲ ಬೇಕು. ಆದರೆ ಊರಲ್ಲೇ ಇರುವ ಒಂದು ಹಣವಿದೆ. ಗ್ರಾಮ ಪಂಚಾಯಿತಿಗಳೂ ನಗರ ಸ್ಥಳೀಯ ಸಂಸ್ಥೆಗಳೂ ತಮ್ಮ ನಿಧಿಯ ಶೇ 5ರಷ್ಟನ್ನು ಅಂಗವಿಕಲರ ಕಲ್ಯಾಣಕ್ಕೆ ಖರ್ಚು ಮಾಡಬೇಕು ಎಂಬುದು ರಾಜ್ಯದ ನಿಯಮ. ಗದಗ-ಬೆಟಗೇರಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿ ಪುರಸಭೆ, ಶಿರಹಟ್ಟಿ ಪಟ್ಟಣ ಪಂಚಾಯಿತಿ ಎಲ್ಲವೂ ಇದರ ಅಡಿಯಲ್ಲಿ ಬರುತ್ತವೆ. ಪಂಚಾಯಿತಿಯೊಂದರ ಸ್ವಂತ ಆದಾಯ 20 ಲಕ್ಷವಿದ್ದರೆ ವರ್ಷಕ್ಕೆ 1 ಲಕ್ಷ. ಕಡಿಮೆಯೆನಿಸಬಹುದು. ಆದರೆ ಅಷ್ಟರಲ್ಲಿ ಹತ್ತು ತ್ರಿಚಕ್ರ ಗಾಡಿಗಳ ರಿಪೇರಿಯಾಗುತ್ತದೆ, ಶ್ರವಣ ಯಂತ್ರಗಳಿಗೆ ವರ್ಷದ ಬ್ಯಾಟರಿ ಬರುತ್ತದೆ, ತಪಾಸಣೆಗೆ ಹೋಗಲು ತಿಂಗಳಿಗೊಮ್ಮೆ ಗದುಗಿಗೆ ಒಂದು ವಾಹನ ಹೊರಡುತ್ತದೆ.

ಈ ಹಣ ಖರ್ಚಾಗದೆ ಉಳಿಯುವುದುಂಟು, ವರ್ಷದ ಕೊನೆಯಲ್ಲಿ ಅವಸರಕ್ಕೆ ಬೇಡದ ಸಾಮಾನು ಕೊಂಡು ಹಂಚುವುದೂ ಉಂಟು. ತಪ್ಪಿಸುವ ದಾರಿ ಗ್ರಾಮಸಭೆಯಲ್ಲಿದೆ. ವರ್ಷದ ಮೊದಲ ಸಭೆಯಲ್ಲೇ, ಕಳೆದ ಸಲದ ಶೇ 5 ಎಷ್ಟಾಗಿತ್ತು, ಯಾವುದಕ್ಕೆ ಹೋಯಿತು, ಈ ಸಲ ಏನು ಬೇಕು ಎಂದು ಅಂಗವಿಕಲರೂ ಅವರ ಮನೆಯವರೂ ಕೇಳಬೇಕು. ಪುನರ್ವಸತಿ ಕಾರ್ಯಕರ್ತರ ಬಳಿ ಊರಿನ ಪಟ್ಟಿ ಇದೆ. ಆ ಪಟ್ಟಿಯನ್ನು ಸಭೆಯ ಮುಂದೆ ಇಡಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13,24,205 ಎಂದು ಬಂದಿತ್ತು. ಕಾಯ್ದೆಯ 21 ಬಗೆಗಳಲ್ಲಿ ಹಲವು ಆಗ ಲೆಕ್ಕದಲ್ಲಿ ಇರಲೇ ಇಲ್ಲ. ಹಳೆಯ ಲೆಕ್ಕದ ಮೇಲೆ ಹಂಚಿದ ಹಣ ಹೊಸ ಬಗೆಯವರಿಗೆ ತಲುಪುವುದು ಹೇಗೆ? ಮುಂದಿನ ಗಣತಿಯವರು ಮನೆಗೆ ಬಂದಾಗ ನಾಚಿಕೆಯಿಂದಲೋ ಭಯದಿಂದಲೋ ಮಗುವನ್ನು ಮರೆಮಾಚದೆ ಬರೆಸುವುದೂ ಹಕ್ಕು ಕೇಳುವ ಒಂದು ರೀತಿ.

ಸರ್ಕಾರದ ಮುಂದಿಡಬೇಕಾದ ಬೇಡಿಕೆಗಳೂ ಸ್ಪಷ್ಟವಾಗಿವೆ. ಮಾಸಾಶನವನ್ನು ಕಾಯ್ದೆ ಹೇಳಿದ ಶೇ 25ರ ಲೆಕ್ಕಕ್ಕೆ ತಂದು, ವರ್ಷ ವರ್ಷ ಬೆಲೆ ಸೂಚ್ಯಂಕದ ಜೊತೆ ಏರುವಂತೆ ಕಟ್ಟಬೇಕು. ಸರ್ಕಾರಿ ನೌಕರರ ತುಟ್ಟಿಭತ್ಯೆ ಹಾಗೆಯೇ ಏರುತ್ತದೆ, ಅಂಗವಿಕಲರಿಗೆ ಆಗದು ಎನ್ನಲು ಕಾರಣವಿಲ್ಲ. ವಿಶೇಷ ಶಾಲೆಗಳ ಕಂತು ವರ್ಷದ ಆರಂಭದಲ್ಲೇ ಬಿಡುಗಡೆಯಾಗಬೇಕು. ಪುನರ್ವಸತಿ ಕಾರ್ಯಕರ್ತರಿಗೆ ಭದ್ರತೆ ಸಿಗಬೇಕು. ತಾಲ್ಲೂಕು ಆಸ್ಪತ್ರೆಗಳಿಗೆ ತಿಂಗಳಲ್ಲಿ ನಿಗದಿಯಾದ ದಿನ ವಾಕ್ ಮತ್ತು ಫಿಸಿಯೊಥೆರಪಿ ತಜ್ಞರು ಬರಬೇಕು. ಇವುಗಳಲ್ಲಿ ಯಾವುದೂ ದಯೆಯ ಮಾತಲ್ಲ.

ಸೇವೆಯೊಂದು ನಿಂತಾಗ ಅದರ ಕೆಲಸ ನಿಲ್ಲುವುದಿಲ್ಲ. ಮಗುವನ್ನು ಎತ್ತಬೇಕು, ತಿನ್ನಿಸಬೇಕು, ಕಲಿಸಬೇಕು, ಆಸ್ಪತ್ರೆಗೆ ಒಯ್ಯಬೇಕು. ಖಜಾನೆ ಇಳಿಸಿದ ಭಾರವನ್ನು ಯಾವುದೋ ಒಂದು ಮನೆ, ಆ ಮನೆಯಲ್ಲಿ ಹೆಚ್ಚಾಗಿ ಒಬ್ಬ ಹೆಣ್ಣುಮಗಳು, ಕೂಲಿಯಿಲ್ಲದೆ ಹೊರುತ್ತಾಳೆ. ಆದ್ದರಿಂದ ಸರ್ಕಾರ ಇಂತಿಷ್ಟು ಕೋಟಿ ಉಳಿಸಿತು ಎಂದು ಮುಂದಿನ ಬಜೆಟ್‌ನ ದಿನ ಓದಿದಾಗ, ಆ ಕೋಟಿಗಳನ್ನು ತುಂಬಿಕೊಟ್ಟವರು ಯಾರು ಎಂದು ಕೇಳೋಣ. ಆ ಪ್ರಶ್ನೆಯನ್ನು ಗ್ರಾಮಸಭೆಯಲ್ಲೂ ಕೇಳೋಣ, ಮತ ಕೇಳಲು ಬಂದವರ ಮುಂದೆಯೂ ಕೇಳೋಣ.